ನಾಲಿಗೆ ಚುಚ್ಚಿಸಿ ನಾಲ್ಕನೇ ದಿನ ಊತ, ಹಳದಿ ನೀರು: ಬಾರ್ ತೆಗೀಬೇಕಾ?

ನೀವು ಹಾಸನದಿಂದ ಕೇಳಿದೀರಿ: ನಾಲಿಗೆ ಊದಿದೆ, ಹಳದಿ ನೀರು ಬರ್ತಿದೆ, ಮೌತ್‌ವಾಶ್ ಹಾಕಿದ್ರೆ ಉರಿಯುತ್ತೆ, ಬಾರ್ (ತೂತಿನೊಳಗೆ ಹಾಕಿರೋ ಕಡ್ಡಿ) ತೆಗೀಬೇಕಾ ಅಂತ. ಇದು ಬಹುಶಃ ಗಾಯ ಮಾಯೋವಾಗ ಬರೋ ಊತನೇ, 3ರಿಂದ 5ನೇ ದಿನದವರೆಗೆ ಜಾಸ್ತಿ ಇರುತ್ತೆ, ತೆಳ್ಳಗಿನ ಹಳದಿ ನೀರೂ ಮಾಮೂಲಿ, ಆದ್ರೆ ಬಾಯಿ ನೋಡದೆ ಸೋಂಕೇ ಅಲ್ಲ ಅಂತ ಹೇಳಕ್ಕಾಗಲ್ಲ. ಬಾರ್ ಮಾತ್ರ ನೀವೇ ತೆಗೀಬೇಡಿ, ಹೊಸ ತೂತು ಬೇಗ ಮುಚ್ಕೊಳ್ಳುತ್ತೆ, ಕೀವಿದ್ರೆ ಒಳಗೇ ಸಿಕ್ಕಾಕೊಳ್ಳುತ್ತೆ.

ಮೊದ್ಲು ಕನ್ನಡಿ ಮುಂದೆ ನಾಲಿಗೆ ಎತ್ತಿ ಬಾರ್‌ನ ಕೆಳತುದಿಯ ಗುಂಡು ನೋಡಿ. ಗುಂಡಿಗೂ ನಾಲಿಗೆಗೂ ಮಧ್ಯೆ ಬಾರ್ ಕಾಣ್ತಿದ್ರೆ ಸರಿ, ಮಾಂಸದೊಳಗೆ ಹೂತ್ಕೊಳ್ತಿದ್ರೆ ಇವತ್ತೇ ಚುಚ್ಚಿದವ್ರ ಹತ್ರ ಹೋಗಿ ಉದ್ದದ್ದು ಹಾಕಿಸ್ಕೊಳ್ಳಿ, ನಾನು ಒಂದು ದಿನ ಸುಮ್ನಿದ್ದಿದ್ದಕ್ಕೆ ಗುಂಡಿನ ಆಕಾರಕ್ಕೇ ಗುಳಿ ಬಿದ್ದಿತ್ತು.

ಆಮೇಲೆ ಆ ಉರಿಯೋ ಮೌತ್‌ವಾಶ್ ಬಿಡಿ, ಆಲ್ಕೋಹಾಲ್ ಇರೋದು ಗಾಯಕ್ಕೆ ಒಳ್ಳೇದಲ್ಲ. ಕುದಿಸಿ ಆರಿಸಿದ 250 ಎಂಎಲ್ ನೀರಿಗೆ ಕಾಲು ಟೀ ಚಮಚ ಉಪ್ಪು ಹಾಕಿ ಪ್ರತಿ ಊಟ ಆದ್ಮೇಲೆ ಮುಕ್ಕಳಿಸಿ, ಉಪ್ಪು ಜಾಸ್ತಿ ಹಾಕಿದ್ರೆ ಬೇಗ ವಾಸಿಯಾಗಲ್ಲ, ಉರಿ ಅಷ್ಟೇ. ಐಸ್ ಚೂರು ಬಾಯಲ್ಲಿಟ್ಟು ಕರಗಿಸಿ. ಊಟಕ್ಕೆ ತಣ್ಣಗಿನ ಗಂಜಿ, ಮೊಸರನ್ನ, ರಾಗಿ ಅಂಬಲಿ ಸಾಕು, ಅಕ್ಕಿರೊಟ್ಟಿ ಖಾರದ ಚಟ್ನಿ ಬೇಡ, ಕಾಫಿ ಪೂರ್ತಿ ಆರಿದ್ಮೇಲೆ ಕುಡೀರಿ, ನಮ್ಮ ಕಡೆಯವ್ರಿಗೆ ಇದು ಕಷ್ಟನೇ ಆದ್ರೂ ಬಿಸಿ ತಾಗಿದ್ರೆ ಊತ ಮತ್ತೆ ಏರುತ್ತೆ. ಸಿಗರೇಟು, ಮದ್ಯ ಮುಟ್ಲೇಬೇಡಿ. ಗುಂಡನ್ನ ಹಲ್ಲಿಗೆ ತಾಗಿಸಿ ಆಡೋದೂ ಬೇಡ.

ಚಳಿಜ್ವರ, ವಾಸನೆ ಬರೋ ದಪ್ಪ ಕೀವು, ಊತ ದವಡೆ ಕೆಳಗೆ ಇಳಿಯೋದು, ನುಂಗಕ್ಕೋ ಉಸಿರಾಡಕ್ಕೋ ಕಷ್ಟ, ಇದ್ರಲ್ಲಿ ಒಂದು ಶುರುವಾದ್ರೂ ಬೆಳಗಾಗ್ಲಿ ಅಂತ ಕಾಯ್ಬೇಡಿ, ಹಾಸನದಲ್ಲೇ ಇದೀರಲ್ಲ, ನಡುರಾತ್ರಿ ಆದ್ರೂ ಹಿಮ್ಸ್ (ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ) ತುರ್ತು ವಿಭಾಗಕ್ಕೆ ಹೋಗಿ.