ಮುಖವಾಡ ಕಳಚಲೊಪ್ಪದ ಗೋಲ್‌ಕೀಪರ್

ಪ್ರಶ್ನೆ: ಐಸ್ ಹಾಕಿಯಲ್ಲಿ ಮೊಟ್ಟಮೊದಲು ಮುಖವಾಡ ತೊಟ್ಟ ಗೋಲ್‌ಕೀಪರ್ ಕೆನಡಾದ ಜಾಕ್ ಪ್ಲಾಂಟ್ ಎಂದು ಓದಿದ್ದೇನೆ. ಇಷ್ಟು ಸಹಜವಾದ ರಕ್ಷಣೆಗೆ 1959ರವರೆಗೆ ಕಾಯಬೇಕಾಗಿ ಬಂದದ್ದೇಕೆ? ಅದನ್ನು ವಿರೋಧಿಸಿದವರು ಯಾರು?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಮೊದಲಿಗೆ ಒಂದು ಸಣ್ಣ ತಿದ್ದುಪಡಿ. ಪ್ಲಾಂಟ್ ಅವರಿಗಿಂತ ಬಹಳ ಹಿಂದೆ, 1930ರಲ್ಲಿ, ಮಾಂಟ್ರಿಯಲ್ ಮರೂನ್ಸ್ ತಂಡದ ಕ್ಲಿಂಟ್ ಬೆನೆಡಿಕ್ಟ್ ಅವರು ಮುಖಕ್ಕೆ ಪೆಟ್ಟು ಬಿದ್ದ ಮೇಲೆ ಚರ್ಮದ ಮುಖವಾಡ ಹಾಕಿಕೊಂಡು ಕೆಲವೇ ಪಂದ್ಯಗಳನ್ನು ಆಡಿದ್ದರು. ನೋಟಕ್ಕೆ ಅಡ್ಡ ಬರುತ್ತದೆಂದು ಅದನ್ನು ಬಿಟ್ಟರು. ಹಾಗಾಗಿ ಪ್ಲಾಂಟ್ ಮೊದಲು ತೊಟ್ಟವರಲ್ಲ, ತೊಟ್ಟಮೇಲೆ ತೆಗೆಯಲು ಒಪ್ಪದವರು. ನನ್ನ ದೃಷ್ಟಿಯಲ್ಲಿ ಎರಡನೆಯದೇ ಕಷ್ಟದ ಕೆಲಸ.

ಐಸ್ ಹಾಕಿಯ ಪಕ್ ಎಂಬುದು ಸುಮಾರು 170 ಗ್ರಾಂ ತೂಕದ, ಒಂದು ಇಂಚು ದಪ್ಪದ ಗಟ್ಟಿ ರಬ್ಬರಿನ ಬಿಲ್ಲೆ. 1950ರ ದಶಕದಲ್ಲಿ ಕೋಲನ್ನು ಹಿಂದಕ್ಕೆ ಎತ್ತಿ ರಭಸದಿಂದ ಬಾರಿಸುವ ‘ಸ್ಲ್ಯಾಪ್ ಶಾಟ್’ ಜನಪ್ರಿಯವಾಗಿ ಪಕ್ಕಿನ ವೇಗ ಹೆಚ್ಚಿತು. ಅದನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರಾದ ಬರ್ನಿ ಜೆಫ್ರಿಯನ್ ಅವರು ಪ್ಲಾಂಟ್ ಅವರ ತಂಡವಾದ ಮಾಂಟ್ರಿಯಲ್ ಕೆನೇಡಿಯನ್ಸ್‌ನವರೇ ಆಗಿದ್ದರು ಎಂಬುದು ಸ್ವಾರಸ್ಯದ ಸಂಗತಿ. ಅಭ್ಯಾಸದ ವೇಳೆ ತಮ್ಮದೇ ತಂಡದವರ ಹೊಡೆತಗಳಿಂದ ಪ್ಲಾಂಟ್ ಅವರ ಕೆನ್ನೆಯ ಮೂಳೆ ಎರಡು ಬಾರಿ ಮುರಿದಿತ್ತು. ಆಮೇಲೆ ಅವರು ಅಭ್ಯಾಸದಲ್ಲಿ ಮುಖವಾಡ ಧರಿಸತೊಡಗಿದರು. ಫೈಬರ್‌ಗ್ಲಾಸ್ ಕಂಪನಿಯೊಂದರಲ್ಲಿದ್ದ ಬಿಲ್ ಬರ್ಚ್‌ಮೋರ್ ಎಂಬವರು ಪ್ಲಾಂಟ್ ಅವರ ಮುಖದ ಅಚ್ಚನ್ನು ಪ್ಲಾಸ್ಟರಿನಲ್ಲಿ ತೆಗೆಸಿ, ಅದರ ಮೇಲೆ ಫೈಬರ್‌ಗ್ಲಾಸ್ ಪದರಗಳನ್ನು ಕೂರಿಸಿ, ಮುಖಕ್ಕೆ ಅಂಟಿಕೊಂಡಂತೆ ಕೂರುವ ಚರ್ಮಬಣ್ಣದ ಮುಖವಾಡವನ್ನು ಸಿದ್ಧಪಡಿಸಿಕೊಟ್ಟರು.

ಪಂದ್ಯದಲ್ಲಿ ಮಾತ್ರ ಅದಕ್ಕೆ ಪ್ರವೇಶವಿರಲಿಲ್ಲ. ಅಡ್ಡಗಾಲು ಹಾಕಿದ್ದು ಯಾವ ನಿಯಮವೂ ಅಲ್ಲ, ತರಬೇತುದಾರ ಟೋ ಬ್ಲೇಕ್. ಅವರನ್ನು ಸುಮ್ಮನೆ ಖಳನಾಯಕನನ್ನಾಗಿ ಮಾಡುವುದು ಸರಿಯಲ್ಲ. ಕಾಲಬುಡದಲ್ಲಿ ಬಿದ್ದಿರುವ ಪಕ್ ಮುಖವಾಡದ ಕಂಡಿಯಿಂದ ಕಾಣದೇ ಹೋದೀತು ಎಂಬ ಅವರ ಆತಂಕದಲ್ಲಿ ಹುರುಳಿತ್ತು. ಆದರೆ ಅದರ ಜೊತೆಗೆ, ಮುಖ ಮುಚ್ಚಿಕೊಂಡವನು ಪುಕ್ಕಲ ಎಂಬ ಆ ಕಾಲದ ನಂಬಿಕೆಯೂ ಬೆರೆತಿತ್ತು. ಉತ್ತರ ಅಮೆರಿಕದ ಪ್ರಮುಖ ವೃತ್ತಿಪರ ಐಸ್ ಹಾಕಿ ಸ್ಪರ್ಧೆಯಾದ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಆಗ ಇದ್ದದ್ದೇ ಆರು ತಂಡಗಳು. ಒಂದೊಂದು ತಂಡಕ್ಕೂ ಒಬ್ಬೊಬ್ಬ ಗೋಲ್‌ಕೀಪರ್. ಆರೇ ಆರು ಹುದ್ದೆಗಳಿರುವಲ್ಲಿ ಪುಕ್ಕಲ ಎನ್ನಿಸಿಕೊಳ್ಳಲು ಯಾರು ತಾನೇ ಮುಂದಾಗುತ್ತಾರೆ?

1959ರ ನವೆಂಬರ್ 1ರ ರಾತ್ರಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಈ ಲೆಕ್ಕವೇ ತಿರುವುಮುರುವಾಯಿತು. ರೇಂಜರ್ಸ್ ತಂಡದ ಆ್ಯಂಡಿ ಬ್ಯಾಥ್‌ಗೇಟ್ ಹೊಡೆದ ಪಕ್ ಪ್ಲಾಂಟ್ ಅವರ ಮುಖಕ್ಕೆ ಬಡಿದು ರಕ್ತ ಹರಿಯಿತು. ಒಳಗೆ ಹೋಗಿ ಹೊಲಿಗೆ ಹಾಕಿಸಿಕೊಂಡು ಬಂದ ಪ್ಲಾಂಟ್, ಮುಖವಾಡವಿಲ್ಲದೆ ಮತ್ತೆ ಮಂಜಿನ ಮೇಲೆ ಕಾಲಿಡುವುದಿಲ್ಲ ಎಂದು ಹೇಳಿಬಿಟ್ಟರು. ಬ್ಲೇಕ್ ಅವರ ಕೈಯಲ್ಲಿ ಬದಲಿ ಗೋಲ್‌ಕೀಪರ್ ಇರಲಿಲ್ಲ. ಅಂಥ ಸಂದರ್ಭದಲ್ಲಿ ಆತಿಥೇಯ ಕ್ರೀಡಾಂಗಣದವರು ಒದಗಿಸುವ ಯಾರೋ ಹವ್ಯಾಸಿ ಆಟಗಾರನನ್ನು ನಿಲ್ಲಿಸಬೇಕಿತ್ತು, ಇಲ್ಲವೇ ಪ್ಲಾಂಟ್ ಹೇಳಿದಂತೆ ಕೇಳಬೇಕಿತ್ತು. ಬ್ಲೇಕ್ ಒಪ್ಪಿದರು. ಮಾಂಟ್ರಿಯಲ್ 3–1ರಿಂದ ಗೆದ್ದಿತು. ತಂಡಕ್ಕೊಬ್ಬನೇ ಗೋಲ್‌ಕೀಪರ್ ಎಂಬ ಯಾವ ಏರ್ಪಾಟು ಗೋಲ್‌ಕೀಪರುಗಳ ಬಾಯಿ ಕಟ್ಟಿತ್ತೋ ಅದೇ ಏರ್ಪಾಟು ಆ ರಾತ್ರಿ ಪ್ಲಾಂಟ್ ಅವರ ಮಾತಿಗೆ ತೂಕ ತಂದುಕೊಟ್ಟಿತು.

ಗಾಯ ಮಾಯುವವರೆಗೆ ಮಾತ್ರ ಎಂಬುದು ಬ್ಲೇಕ್ ಅವರ ನಿರೀಕ್ಷೆಯಾಗಿತ್ತು. ಆದರೆ ಮುಖವಾಡದೊಂದಿಗೇ ತಂಡ ಸೋಲರಿಯದೆ ಸಾಗಿದ್ದರಿಂದ ತೆಗೆ ಎನ್ನಲು ಕಾರಣವೇ ಸಿಗಲಿಲ್ಲ. 1960ರ ಮಾರ್ಚ್ 8ರಂದು ಬ್ಲೇಕ್ ಅವರ ಒತ್ತಾಯಕ್ಕೆ ಮಣಿದು ಪ್ಲಾಂಟ್ ಡೆಟ್ರಾಯಿಟ್ ವಿರುದ್ಧ ಬರಿಮುಖದಲ್ಲಿ ಆಡಿದರು. ಮಾಂಟ್ರಿಯಲ್ 0–3ರಿಂದ ಸೋತಿತು. ಮುಂದಿನ ಪಂದ್ಯಕ್ಕೆ ಮುಖವಾಡ ಮರಳಿತು. ಲೀಗ್‌ನ ಚಾಂಪಿಯನ್ ತಂಡಕ್ಕೆ ಸಲ್ಲುವ ಸ್ಟ್ಯಾನ್ಲಿ ಕಪ್‌ಗಾಗಿ ನಡೆದ ಆ ವರ್ಷದ ಅಂತಿಮ ಸುತ್ತುಗಳ ಎಂಟಕ್ಕೆ ಎಂಟೂ ಪಂದ್ಯಗಳನ್ನು ಮಾಂಟ್ರಿಯಲ್ ಗೆದ್ದುಕೊಂಡಿತು. ಆದರೂ ಉಳಿದವರೆಲ್ಲ ಒಮ್ಮೆಲೇ ಅನುಸರಿಸಲಿಲ್ಲ: ಲೀಗ್‌ನಲ್ಲಿ ಬರಿಮುಖದಲ್ಲಿ ಆಡಿದ ಕೊನೆಯ ಗೋಲ್‌ಕೀಪರ್ ಆ್ಯಂಡಿ ಬ್ರೌನ್ ಅವರು 1974ರವರೆಗೂ ಹಾಗೆಯೇ ಆಡುತ್ತಿದ್ದರು.

ಪ್ರಶ್ನೆ: ಮುಖವಾಡದ ಪ್ರಸಂಗವನ್ನು ಬದಿಗಿಟ್ಟರೆ ಪ್ಲಾಂಟ್ ಅವರ ಆಟದಲ್ಲಿ ವಿಶೇಷವೇನಿತ್ತು?
– ಇನ್ನೊಬ್ಬ ಓದುಗರು, ಮೈಸೂರು

ಉತ್ತರ: ಬಹಳಷ್ಟಿತ್ತು, ಆ ಪ್ರಸಂಗದ ಖ್ಯಾತಿ ಉಳಿದುದನ್ನೆಲ್ಲ ಮರೆಮಾಡಿದೆ. 1929ರಲ್ಲಿ ಕ್ವಿಬೆಕ್ ಪ್ರಾಂತದಲ್ಲಿ, ಹನ್ನೊಂದು ಮಕ್ಕಳ ಬಡ ಕುಟುಂಬದ ಹಿರಿಯ ಮಗನಾಗಿ ಹುಟ್ಟಿದ ಅವರಿಗೆ ಚಿಕ್ಕಂದಿನಿಂದಲೂ ಉಬ್ಬಸವಿತ್ತು. ತಾಯಿಯಿಂದ ಹೆಣಿಗೆ ಕಲಿತು ತಮ್ಮ ಉಣ್ಣೆಯ ಟೋಪಿಗಳನ್ನು ತಾವೇ ಹೆಣೆದುಕೊಳ್ಳುತ್ತಿದ್ದರು. ಮಾಂಟ್ರಿಯಲ್ ತಂಡಕ್ಕೆ ಬಂದಾಗ ಆಗಿನ ತರಬೇತುದಾರ ಡಿಕ್ ಇರ್ವಿನ್ ಪಂದ್ಯದಲ್ಲಿ ಆ ಟೋಪಿ ಬೇಡವೆಂದರು. ತಲೆಗೆ ಏನು ಹಾಕಿಕೊಳ್ಳಬೇಕೆಂಬ ಜಗಳ ಅವರಿಗೆ ಹೊಸದೇನೂ ಆಗಿರಲಿಲ್ಲ!

ಗೋಲಿನ ಬಾಯಿಗೆ ಕಟ್ಟಿಹಾಕಿದಂತೆ ನಿಲ್ಲುವ ರೂಢಿಯನ್ನು ಬಿಟ್ಟು, ಬಲೆಯ ಹಿಂದಕ್ಕೆ ಸರಿದು ಪಕ್ಕನ್ನು ತಡೆದು ತಮ್ಮ ರಕ್ಷಕರಿಗೆ ಒಪ್ಪಿಸುವ ಆಟವನ್ನು ಅವರು ರೂಢಿಗೆ ತಂದರು. ಕೆಲವು ಕ್ರೀಡಾಂಗಣಗಳಲ್ಲಿ ಗೋಲಿನ ಅಡ್ಡಪಟ್ಟಿಯ ಎತ್ತರ ಉಳಿದೆಡೆಗಿಂತ ಬೇರೆಯಾಗಿದೆ ಎಂದು ಅವರೊಮ್ಮೆ ಹೇಳಿದಾಗ ಕೇಳಿದವರು ನಕ್ಕರು. ಅಳತೆಪಟ್ಟಿ ಹಿಡಿದು ನೋಡಿದರೆ ಅವರ ಮಾತೇ ನಿಜವಾಗಿತ್ತು.

1956ರಿಂದ 1960ರವರೆಗೆ ಸತತ ಐದು ಸ್ಟ್ಯಾನ್ಲಿ ಕಪ್‌ಗಳನ್ನು ಗೆದ್ದ ತಂಡದ ಗೋಲು ಕಾದವರು ಅವರು. 1962ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರನಿಗೆ ಸಲ್ಲುವ ಹಾರ್ಟ್ ಟ್ರೋಫಿ ಪಡೆದರು. ಮತ್ತೊಬ್ಬ ಗೋಲ್‌ಕೀಪರ್‌ಗೆ ಅದು ದಕ್ಕಿದ್ದು 1997ರಲ್ಲಿ. 1963ರಲ್ಲಿ ಪ್ಲಾಂಟ್ ಅವರನ್ನು ಮಾಂಟ್ರಿಯಲ್ ನ್ಯೂಯಾರ್ಕಿಗೆ ಬಿಟ್ಟುಕೊಟ್ಟಿತು, 1965ರಲ್ಲಿ ಅವರು ನಿವೃತ್ತರಾದರು. ಮೂರು ವರ್ಷಗಳ ಬಳಿಕ ಸೇಂಟ್ ಲೂಯಿಸ್ ತಂಡಕ್ಕೆ ಹಿಂತಿರುಗಿ, 1969ರಲ್ಲಿ ಗ್ಲೆನ್ ಹಾಲ್ ಅವರೊಂದಿಗೆ ಅತಿ ಕಡಿಮೆ ಗೋಲು ಬಿಟ್ಟುಕೊಟ್ಟ ತಂಡದ ಗೋಲ್‌ಕೀಪರ್‌ಗಳಿಗೆ ಆಗ ಸಲ್ಲುತ್ತಿದ್ದ ವೆಜಿನಾ ಟ್ರೋಫಿಯನ್ನು ಏಳನೆಯ ಬಾರಿ ಹಂಚಿಕೊಂಡರು. 1970ರ ಫೈನಲ್‌ನಲ್ಲಿ ಬಾಸ್ಟನ್ ತಂಡದವರ ಹೊಡೆತವೊಂದು ಕೋಲಿಗೆ ತಾಗಿ ದಿಕ್ಕು ಬದಲಿಸಿ ಅವರ ಮುಖವಾಡಕ್ಕೆ ಬಡಿಯಿತು. ಪ್ರಜ್ಞೆ ತಪ್ಪಿದ ಅವರನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಮುಖವಾಡವೇ ಜೀವ ಉಳಿಸಿತೆಂದು ಅವರು ಆಮೇಲೆ ಹೇಳಿದರು. ಮುಂದಿನ ಋತುವಿನಲ್ಲಿ, 42ರ ವಯಸ್ಸಿನಲ್ಲಿ, ಟೊರಾಂಟೊ ಪರ ಆಡುತ್ತಾ ಪಂದ್ಯಕ್ಕೆ ಸರಾಸರಿ 1.88 ಗೋಲುಗಳನ್ನಷ್ಟೇ ಬಿಟ್ಟುಕೊಟ್ಟರು. ಇಡೀ ಲೀಗ್‌ನಲ್ಲಿ ಅದಕ್ಕಿಂತ ಉತ್ತಮ ಸರಾಸರಿ ಆ ವರ್ಷ ಯಾರದೂ ಇರಲಿಲ್ಲ.