ಮ್ಯಾಟಿಗೆ ಮೊದಲು ಕಡಿವಾಣ, ಆಮೇಲೆ ಪ್ಲಗ್

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾವು ದಾವಣಗೆರೆಯ ವಿದ್ಯಾನಗರದವರು. ಪಿಯುಸಿ ಓದುವ ಮಗನ ಹಟಕ್ಕೆ ಬೆಂಗಳೂರಿನಿಂದ ಲೆಪರ್ಡ್ ಗೆಕೊ ಎಂಬ ಚುಕ್ಕೆಯ ಹಲ್ಲಿಯೊಂದನ್ನು ತಂದು ಮೂರಡಿ ಗಾಜಿನ ಟ್ಯಾಂಕಿನಲ್ಲಿ ಸಾಕಿದ್ದೇವೆ. ಚಳಿಗಾಲಕ್ಕೆ ಬೇಕಾಗುತ್ತದೆಂದು ನನ್ನ ಮೈದುನ ಅಮೆರಿಕದಿಂದ ಬರುವಾಗ ಟ್ಯಾಂಕಿನ ಅಡಿಗೆ ಅಂಟಿಸುವ ಹೀಟ್ ಮ್ಯಾಟ್ ತಂದುಕೊಟ್ಟ. ಪಿನ್ ಕೂರಲಿಲ್ಲ, ಅಡಾಪ್ಟರ್ ಹಾಕಿ ಚಾಲೂ ಮಾಡಿದೆವು. ಒಂದು ಗಂಟೆಯೊಳಗೆ ಗಾಜು ಕೈ ಇಡಲಾಗದಷ್ಟು ಕಾಯುತ್ತದೆ. ಮೇಲೆ ಎರಡು ಇಂಚು ಮರಳಿದೆ, ಏನೂ ಆಗಲ್ಲ ಅಂತಾನೆ ಮಗ. ಆದರೆ ಹಲ್ಲಿ ಮರಳು ಕೆದರಿಕೊಂಡು ಅಲ್ಲೇ ಮಲಗುತ್ತದೆ. ಹೊಟ್ಟೆ ಕೊಂಚ ಕೆಂಪಾದಂತೆ ಕಾಣುತ್ತಿದೆ. ನಮ್ಮ ಅತ್ತೆಗೆ ಅದು ವಿಷದ ಹಲ್ಲಿ ಎಂಬ ಭಯ ಬೇರೆ. ಏನು ಮಾಡಲಿ?

ಉತ್ತರ: ತಾಯಿ, ಮುಂದಿನ ಸಾಲು ಓದುವ ಮೊದಲು ಎದ್ದು ಹೋಗಿ ಆ ಪ್ಲಗ್ ಕಿತ್ತುಬಿಡಿ.

ಈಗ ಮ್ಯಾಟಿನ ಮೇಲಿನ ಲೇಬಲ್ ನೋಡಿ. 110 ಅಥವಾ 120 ವೋಲ್ಟ್ ಎಂದು ಬರೆದಿರುತ್ತದೆ. ಅಮೆರಿಕದ ಮನೆಗಳಿಗೆ ಬರುವುದು 120 ವೋಲ್ಟ್, ನಮ್ಮ ಮನೆಗಳಿಗೆ 230. ನೀವು ಹಾಕಿದ ಅಡಾಪ್ಟರ್ ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜು ಹಾಗೆಯೇ ಒಳಗೆ ನುಗ್ಗುತ್ತದೆ. ಫೋನಿನ ಚಾರ್ಜರ್ ಎರಡೂ ದೇಶದಲ್ಲಿ ನಡೆಯುತ್ತದಲ್ಲ ಎಂದು ನಿಮ್ಮ ಮಗ ಕೇಳಬಹುದು. ಚಾರ್ಜರಿನೊಳಗೆ 100ರಿಂದ 240 ವೋಲ್ಟಿನವರೆಗೆ ಹೊಂದಿಕೊಳ್ಳುವ ಸರ್ಕ್ಯೂಟ್ ಇರುತ್ತದೆ. ಹೀಟ್ ಮ್ಯಾಟ್ ಅಂದರೆ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವಿನ ಬಿಸಿಯಾಗುವ ಪಟ್ಟಿ, ಅಷ್ಟೇ. ಬಂದ ವೋಲ್ಟೇಜನ್ನೆಲ್ಲ ಅದು ಬಿಸಿಯಾಗಿಯೇ ತೀರಿಸಬೇಕು. ವೋಲ್ಟೇಜು ಎರಡರಷ್ಟಾದರೆ ವ್ಯಾಟ್ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. 120 ವೋಲ್ಟಿನಲ್ಲಿ 8 ವ್ಯಾಟ್ ಇರುವ ಮ್ಯಾಟ್ ನಮ್ಮ 230ರಲ್ಲಿ ಸುಮಾರು 29 ವ್ಯಾಟ್ ಎಳೆಯುತ್ತದೆ. ಐಟಿಐನಲ್ಲಿ ಹುಡುಗರಿಗೆ ಈ ಲೆಕ್ಕವನ್ನು ಬೋರ್ಡಿನ ಮೇಲೆ ಕಲಿಸುತ್ತಿದ್ದೆ. ನಿಮ್ಮ ಮನೆಯಲ್ಲಿ ಅದು ಒಂದು ಜೀವದ ಹೊಟ್ಟೆಯ ಕೆಳಗೆ ನಡೆದಿದೆ. ಆ ಮ್ಯಾಟ್ ಇನ್ನು ಬೇಡ. ವೋಲ್ಟೇಜು ತಗ್ಗಿಸುವ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ಉಳಿಸಿಕೊಳ್ಳುವ ಯೋಚನೆಯೂ ಬೇಡ. ಮಿತಿ ಮೀರಿ ಕಾದಿದೆ, ಗಾಜಿನಿಂದ ಕೀಳುವಾಗ ಮಡಿಕೆ ಬೀಳುತ್ತದೆ, ಮಡಿಕೆ ಬಿದ್ದ ಕಡೆ ಇನ್ನೂ ಹೆಚ್ಚು ಸುಡುತ್ತದೆ.

ಹೊಟ್ಟೆ ಕೆಂಪಾಗಿರುವುದನ್ನು ಸಣ್ಣದೆಂದು ಬಿಡಬೇಡಿ. ಅರಿಶಿನ, ಕೊಬ್ಬರಿ ಎಣ್ಣೆ, ಪೇಸ್ಟು ಯಾವುದನ್ನೂ ಹಚ್ಚಬೇಡಿ. ಮರಳನ್ನೆಲ್ಲ ತೆಗೆದು ಅಡುಗೆಮನೆಯ ಟಿಶ್ಯೂ ಪೇಪರ್ ಹಾಸಿ, ಗಾಯಕ್ಕೆ ಧೂಳು ಹತ್ತಬಾರದು. ಎಲ್ಲ ಪಶುವೈದ್ಯರೂ ಹಲ್ಲಿ, ಆಮೆಗಳನ್ನು ನೋಡುವುದಿಲ್ಲ. ಹಾಗಾಗಿ ಮೊದಲು ಫೋನ್ ಮಾಡಿ ವಿಚಾರಿಸಿ. ನಿಮ್ಮೂರಿನಲ್ಲಿ ಸಿಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಕೇಳಿ ನೋಡಿ. ಗುಳ್ಳೆ ಎದ್ದಿದ್ದರೆ ಅಥವಾ ಚರ್ಮ ಕಪ್ಪಾಗಿದ್ದರೆ ನಾಳೆ ಎನ್ನದೆ ಇವತ್ತೇ ಹೊರಡಿ.

ಸುಡುತ್ತಿದ್ದರೆ ಅದೇ ಎದ್ದು ಹೋಗುತ್ತಿರಲಿಲ್ಲವೇ ಎಂದು ಎಷ್ಟೋ ಜನ ಕೇಳುತ್ತಾರೆ. ಹೋಗುವುದಿಲ್ಲ. ಈ ಜಾತಿಯ ಹಲ್ಲಿಗಳ ಮೂಲ ಅಫ್ಘಾನಿಸ್ತಾನ, ಪಾಕಿಸ್ತಾನ ಮತ್ತು ನಮ್ಮ ದೇಶದ ವಾಯವ್ಯದ ಕಲ್ಲುನೆಲ. ಹಗಲೆಲ್ಲ ಕಲ್ಲಿನ ಸಂದಿಯಲ್ಲಿದ್ದು ಮುಸ್ಸಂಜೆಗೆ ಹೊರಬರುತ್ತವೆ. ಚಿತ್ರದುರ್ಗದ ಕೋಟೆಯ ಬಂಡೆಯ ಮೇಲೆ ಸಂಜೆ ಕೂತವರಿಗೆ ಗೊತ್ತು, ಹೊತ್ತು ಮುಳುಗಿದ ಮೇಲೂ ಕಲ್ಲು ಬೆಚ್ಚಗೇ ಇರುತ್ತದೆ, ಆದರೆ ಗಳಿಗೆ ಗಳಿಗೆಗೆ ಆರುತ್ತಾ ಹೋಗುತ್ತದೆ. ಇದಕ್ಕೆ ಗೊತ್ತಿರುವ ನೆಲದ ಬಿಸಿ ಅಂಥದ್ದು. ಕೂತಷ್ಟು ಹೊತ್ತೂ ಏರುತ್ತಲೇ ಹೋಗುವ ನೆಲ ಅದರ ಅನುಭವದಲ್ಲಿಲ್ಲ. ಹೊಟ್ಟೆ ಬೇಯುತ್ತಿದ್ದರೂ ಬಿಸಿ ಬಿಟ್ಟು ಕದಲದೆ ಮಲಗಿಬಿಡುತ್ತವೆ. ಆದ್ದರಿಂದ ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ನಾವೇ ತೀರ್ಮಾನಿಸಬೇಕು. ಬಿಸಿ ಮಿತಿ ಮುಟ್ಟಿದಾಗ ಕರೆಂಟು ತಡೆಯುವ ಥರ್ಮೋಸ್ಟಾಟ್ ಇಲ್ಲದೆ ಹೀಟ್ ಮ್ಯಾಟನ್ನು ಚಾಲೂ ಮಾಡಲೇಬೇಡಿ. ದುಡ್ಡು ಒಂದಕ್ಕೇ ಸಾಲುವಂತಿದ್ದರೆ ಮ್ಯಾಟ್ ಈ ತಿಂಗಳು ಬೇಡ, ಎರಡನ್ನೂ ಮುಂದಿನ ತಿಂಗಳು ಒಟ್ಟಿಗೆ ತನ್ನಿ.

ಹೊಸ ಮ್ಯಾಟ್ ಕೊಳ್ಳುವಾಗ ಲೇಬಲ್ ಮೇಲೆ 220ರಿಂದ 240 ವೋಲ್ಟ್ ಎಂದಿರಲಿ. ಟ್ಯಾಂಕಿನ ತಳದ ಮೂರನೇ ಒಂದು ಪಾಲಿಗಿಂತ ಹೆಚ್ಚು ಜಾಗ ಅದು ಮುಚ್ಚಬಾರದು. ಒಂದು ತುದಿಯಲ್ಲಿ ಬಿಸಿ, ಇನ್ನೊಂದು ತುದಿಯಲ್ಲಿ ತಂಪು, ನಡುವೆ ಹಲ್ಲಿಗೆ ಓಡಾಟ. ಅದರ ಮೈಯೊಳಗೆ ನಮ್ಮಂತೆ ಬಿಸಿ ಹುಟ್ಟುವುದಿಲ್ಲ. ತಿಂದ ಹುಳ ಜೀರ್ಣವಾಗಬೇಕಾದರೆ ಬಿಸಿ ಕಡೆಗೆ ಬರುತ್ತದೆ, ಸಾಕೆನಿಸಿದಾಗ ತಂಪಿಗೆ ಸರಿಯುತ್ತದೆ. ತಳ ಪೂರ್ತಿ ಮ್ಯಾಟ್ ಹಾಸಿದರೆ ಆ ದಾರಿಯನ್ನೇ ಮುಚ್ಚಿದ ಹಾಗೆ. ನಿಮ್ಮ ಮೂರಡಿ ಟ್ಯಾಂಕಿಗೆ 14 ವ್ಯಾಟ್ ಆಸುಪಾಸಿನದು ಸಾಕಾಗುತ್ತದೆ. ದಿನಕ್ಕೆ 12 ಗಂಟೆ ಕಾದರೂ ತಿಂಗಳಿಗೆ 5 ಯೂನಿಟ್ಟು.

ಮ್ಯಾಟನ್ನು ಗಾಜಿನ ಹೊರಗೆ, ತಳಕ್ಕೆ ಅಂಟಿಸಬೇಕು. ಟ್ಯಾಂಕಿನೊಳಗೆ ಎಂದಿಗೂ ಬೇಡ. ಟ್ಯಾಂಕಿನ ನಾಲ್ಕು ಮೂಲೆಗೂ ರಬ್ಬರ್ ಬುಷ್ ಕೊಟ್ಟು ಅರ್ಧ ಇಂಚು ಎತ್ತಿ, ಗಾಳಿ ಆಡಲಿ. ಮರದ ಟೇಬಲಿನ ಮೇಲೆ ಅಂಟಿಕೊಂಡಂತೆ ಇಟ್ಟರೆ ಬಿಸಿ ಅಲ್ಲೇ ಕೂಡಿಕೊಂಡು ಗಾಜು ಸೀಳಬಹುದು, ಮರವೂ ಕಂದಬಹುದು. ಅಂದಕ್ಕೆಂದು ಟೇಬಲ್ ಕ್ಲಾತ್ ಹಾಸಿದ್ದರೆ ತೆಗೆದುಬಿಡಿ.

ಥರ್ಮೋಸ್ಟಾಟಿನ ಪ್ರೋಬ್, ಅಂದರೆ ಬಿಸಿ ಅಳೆಯುವ ವೈರಿನ ತುದಿ, ಎಲ್ಲಿಡುವುದು ಎಂಬಲ್ಲಿ ಜನ ಹೆಚ್ಚು ಎಡವುತ್ತಾರೆ. ಒಳಗೆ ನೆಲದ ಮೇಲೆ ಇಡುವವರಿದ್ದಾರೆ. ಹಲ್ಲಿ ಅದನ್ನು ಎಳೆದು ತಂಪು ತುದಿಗೆ ತಂದಿತು ಅನ್ನಿ. ಪ್ರೋಬಿಗೆ ಕಾಣುವುದು 25 ಡಿಗ್ರಿ, ಇನ್ನೂ ಕಾಯಿಸು ಎಂದು ಮ್ಯಾಟಿಗೆ ಹೇಳುತ್ತಲೇ ಇರುತ್ತದೆ. ಥರ್ಮೋಸ್ಟಾಟ್ ಇದ್ದೂ ಇಲ್ಲದಂತೆ. ಅದಕ್ಕೇ ನನ್ನ ಸಲಹೆ, ಪ್ರೋಬನ್ನು ಹೊರಗಡೆ, ಮ್ಯಾಟಿನ ನಟ್ಟನಡುವೆ, ಮ್ಯಾಟಿಗೂ ಗಾಜಿಗೂ ನಡುವೆ ಸಿಕ್ಕಿಸಿ ಅಲ್ಯೂಮಿನಿಯಂ ಟೇಪಿನಿಂದ ಬಿಗಿ ಮಾಡಿ. ಟ್ಯಾಂಕಿನ ಒಳಗೆ ಮಾತ್ರ ಯಾವ ಟೇಪೂ ಬೇಡ. ಅಂಚು ಬಿಟ್ಟುಕೊಂಡ ಟೇಪಿಗೆ ಹಲ್ಲಿ ಅಂಟಿದರೆ ಬಿಡಿಸುವಾಗ ಚರ್ಮವೇ ಕಿತ್ತುಬರುತ್ತದೆ.

ಮರಳಿನ ಮಾತು. ನಿಮ್ಮ ಮಗ ಅದನ್ನು ರಕ್ಷಣೆ ಅಂದುಕೊಂಡಿದ್ದಾನೆ. ಎರಡು ಇಂಚು ಮರಳು ಬಿಸಿಯನ್ನು ಮೇಲಕ್ಕೆ ಬಿಡುವುದಿಲ್ಲ, ಹಾಗಾಗಿ ಮೇಲೆ ತಣ್ಣಗೆ, ಕೆಳಗೆ ಕೆಂಡ. ಬಿಸಿ ಬೇಕೆಂದು ಹಲ್ಲಿ ಕೆದರುತ್ತದೆ, ಕೆದರಿದ ಕಡೆ ಬರಿ ಗಾಜು ಸಿಗುತ್ತದೆ. ನಿಮ್ಮಲ್ಲಿ ಆಗಿರುವುದು ಇದೇ. ಸಾಲದ್ದಕ್ಕೆ ಹುಳದ ಜೊತೆ ಮರಳು ಹೊಟ್ಟೆಗೆ ಹೋದರೆ ಕರುಳು ಕಟ್ಟಬಹುದು. ಅದರ ಬದಲು ಕಲ್ಲಿನ ಅಂಗಡಿಯಲ್ಲಿ ಮಿಕ್ಕಿದ ತೆಳು ಕಡಪ ಕಲ್ಲಿನ ತುಂಡನ್ನೋ ಜಾರದ ನೆಲದ ಟೈಲನ್ನೋ ಅಳತೆಗೆ ಕೊಯ್ಸಿ ಹಾಸಿ. ಕಲ್ಲು ಬಿಸಿಯನ್ನು ಸಮನಾಗಿ ಹರಡುತ್ತದೆ, ಒರೆಸಲೂ ಸುಲಭ. ಅದರ ಮೇಲೆ, ಮ್ಯಾಟ್ ಇರುವ ಜಾಗದಲ್ಲಿ, ಬಾಯಿ ಒಡೆದ ಮಣ್ಣಿನ ಕುಂಡವೊಂದನ್ನು ಬೋರಲು ಹಾಕಿದರೆ ಗವಿಯಾಯಿತು. ಒಡೆದ ಅಂಚನ್ನು ಉಜ್ಜಿ ನುಣುಪು ಮಾಡಿ. ತಂಪು ತುದಿಯಲ್ಲೂ ಒಂದು ಗವಿ ಇರಲಿ, ನೀರಿನ ಬಟ್ಟಲು ಅಲ್ಲೇ ಇರಲಿ. ನಡುವೆ ಒದ್ದೆ ತೆಂಗಿನ ನಾರಿನ ಪುಡಿ ತುಂಬಿದ, ತೂತು ಕೊರೆದ ಡಬ್ಬಿ ಬೇಕು. ಪೊರೆ ಬಿಡುವಾಗ ಅದು ಅಲ್ಲಿಗೆ ಹೋಗುತ್ತದೆ.

ಎಲ್ಲ ಜೋಡಿಸಿದ ಮೇಲೆ ಹಲ್ಲಿಯನ್ನು ಒಳಗೆ ಬಿಡದೆ ಒಂದು ಇಡೀ ದಿನ ನಡೆಸಿ ನೋಡಿ. ಥರ್ಮೋಸ್ಟಾಟನ್ನು 33ಕ್ಕೆ ಇಟ್ಟು, ಮೂರು ನಾಲ್ಕು ಗಂಟೆ ಬಿಟ್ಟು, ಗವಿಯೊಳಗಿನ ಕಲ್ಲಿನ ಮೈಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಅಳೆಯಿರಿ. ಟ್ಯಾಂಕಿನ ಮುಚ್ಚಳ ತೆಗೆದು ನೇರವಾಗಿ ಕಲ್ಲಿಗೆ ಹಿಡಿಯಬೇಕು, ಗಾಜಿನ ಹೊರಗಿನಿಂದ ಹಿಡಿದರೆ ಅದು ಗಾಜಿನ ಬಿಸಿಯನ್ನೇ ತೋರಿಸುತ್ತದೆ. ಕಲ್ಲಿನ ಮೇಲೆ 31ರಿಂದ 32 ಬರಬೇಕು. ಕಡಿಮೆ ಇದ್ದರೆ ಥರ್ಮೋಸ್ಟಾಟನ್ನು ಒಂದೊಂದೇ ಡಿಗ್ರಿ ಏರಿಸಿ, ಪ್ರತಿ ಸಲವೂ ಕಾದು ಅಳೆಯಿರಿ. ತಂಪು ತುದಿ 24ರಿಂದ 27. ರಾತ್ರಿ ಕೋಣೆಯೇ 21ಕ್ಕೆ ಇಳಿದರೂ ಆರೋಗ್ಯವಂತ ಹಲ್ಲಿಗೆ ತೊಂದರೆಯಿಲ್ಲ. ಗಾಜಿನ ಗೋಡೆಗೆ ಅಂಟಿಸುವ ದುಂಡನೆಯ ಮೀಟರ್ ತೋರಿಸುವುದು ಗಾಳಿಯ ಬಿಸಿ, ಹೊಟ್ಟೆಯ ಕೆಳಗಿನ ಬಿಸಿ ಅದಕ್ಕೆ ತಿಳಿಯುವುದಿಲ್ಲ.

ಇನ್ನೊಂದು ಮಾತನ್ನು ದಾವಣಗೆರೆಯವರಿಗೆಂದೇ ಹೇಳುತ್ತೇನೆ. ಹೀಟ್ ಮ್ಯಾಟಿನ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿ ದೇಶದವರು ಬರೆದವು. ನಿಮಗೆ ಮ್ಯಾಟ್ ನಿಜವಾಗಿ ಬೇಕಾಗುವುದು ಡಿಸೆಂಬರ್, ಜನವರಿಯಲ್ಲಿ, ಮಳೆಗಾಲದ ಥಂಡಿ ದಿನಗಳಲ್ಲಿ. ಏಪ್ರಿಲಿನಲ್ಲಿ ಆರ್‌ಸಿಸಿ ಛಾವಣಿಯ ಕೆಳಗಿನ ಮಹಡಿ ಕೋಣೆಯೇ 35 ಮುಟ್ಟುತ್ತದೆ. ಆಗ ಹಲ್ಲಿಗೆ ಹೋಗಲು ತಂಪು ತುದಿಯೇ ಇರುವುದಿಲ್ಲ. ಬಾಯಿ ತೆರೆದುಕೊಂಡು ಕೂತರೆ, ಗಾಜಿಗೆ ಪರಚಿ ಮೇಲೇರಲು ಹೆಣಗಿದರೆ ಅದಕ್ಕೆ ಸೆಕೆ ತಡೆಯಲಾಗುತ್ತಿಲ್ಲ ಎಂದೇ ತಿಳಿಯಿರಿ. ಬೇಸಿಗೆಗೆ ಟ್ಯಾಂಕನ್ನು ನೆಲಮಾಳಿಗೆಯ ಅಥವಾ ಕೆಳಮನೆಯ ಉತ್ತರದ ಕೋಣೆಗೆ ಇಳಿಸಿ, ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ. ಟ್ಯಾಂಕಿಗೇ ಫ್ಯಾನ್ ತಿರುಗಿಸಿದರೆ ಉಪಯೋಗ ಕಡಿಮೆ. ಅದು ಬೆವರುವ ಪ್ರಾಣಿಯಲ್ಲ, ಬಿಸಿ ಗಾಳಿ ಬೀಸಿದರೆ ಬಿಸಿಯೇ.

ನಿಮ್ಮ ಅತ್ತೆಯವರಿಗೆ ಧೈರ್ಯ ಹೇಳಿ. ಇದಕ್ಕೆ ವಿಷವಿಲ್ಲ. ಆದರೆ ಮುಟ್ಟಿದವರು ಸೋಪು ಹಚ್ಚಿ ಕೈ ತೊಳೆಯಲೇಬೇಕು, ಇವುಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಅದರ ಬಟ್ಟಲನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.

ಪ್ರಶ್ನೆ: ಮೇಡಂ, ನಾನು ಚಿತ್ರದುರ್ಗದವನು. ಮನೆಯಲ್ಲಿ ನಾಟಿಕೋಳಿ ಮರಿಗಳಿಗೆ 60 ವ್ಯಾಟ್ ಬಲ್ಬ್ ಹಾಕಿ ಕಾವು ಕೊಡುತ್ತೇವೆ. ಗೆಕೊಗೂ ಅದೇ ಸಾಲದೆ? ಮೊಟ್ಟೆ ಇನ್‌ಕ್ಯುಬೇಟರಿಗೆ ಹಾಕಿದ್ದ ಎಸ್‌ಟಿಸಿ-1000 ಎಂಬ ಬಿಸಿ ನಿಯಂತ್ರಿಸುವ ಕಂಟ್ರೋಲರ್ ಒಂದು ಮೂಲೆಯಲ್ಲಿ ಬಿದ್ದಿದೆ, ಅದನ್ನು ಮ್ಯಾಟಿಗೆ ಬಳಸಬಹುದೆ?

ಉತ್ತರ: ತಮ್ಮಾ, ಕಂಟ್ರೋಲರ್ ಬಳಸಬಹುದು. ಬಲ್ಬ್ ಬೇಡ.

ಮೇಲಿನಿಂದ ಬರುವ ಬಿಸಿ ಹಲ್ಲಿಗೆ ಕೆಟ್ಟದ್ದೇನಲ್ಲ. ಆದರೆ ಮರಿಗಳ ಬುಟ್ಟಿಗೆ ತೂಗುಹಾಕುವ ಬಲ್ಬು ರಾತ್ರಿಯೆಲ್ಲ ಬೆಳಕು ಕೊಡುತ್ತದೆ. ಮುಸ್ಸಂಜೆಗೆ ಎದ್ದು ಬೇಟೆಯಾಡುವ ಪ್ರಾಣಿಗೆ ಕತ್ತಲು ಬೇಕೇಬೇಕು. ಕೆಂಪು ಬಲ್ಬ್ ಅದಕ್ಕೆ ಕಾಣುವುದಿಲ್ಲ ಎಂದು ಮಾರುವವರು ಹೇಳುತ್ತಾರೆ, ನಂಬಬೇಡ.

ಎಸ್‌ಟಿಸಿ-1000ರಲ್ಲಿ ಎರಡು ರಿಲೇ (ತಾನೇ ಆನ್-ಆಫ್ ಆಗುವ ಸ್ವಿಚ್) ಇವೆ, ಒಂದು ಹೀಟಿಂಗಿಗೆ, ಒಂದು ಕೂಲಿಂಗಿಗೆ. ಮ್ಯಾಟನ್ನು ಹೀಟಿಂಗ್ ಕಡೆಗೇ ಕೊಡಬೇಕು. ಅದರ ಸೆಟ್ಟಿಂಗ್‌ಗಳಲ್ಲಿ ಎಫ್1ರಲ್ಲಿ ಬೇಕಾದ ಡಿಗ್ರಿ, ಎಫ್2ರಲ್ಲಿ ಎಷ್ಟು ಇಳಿದರೆ ಮತ್ತೆ ಚಾಲೂ ಆಗಬೇಕೆಂಬ ಅಂತರ, ಅದನ್ನು 0.5ಕ್ಕೆ ಇಡು. ಪ್ರೋಬ್ ಹಳೆಯದಾದ್ದರಿಂದ ಒಳ್ಳೆಯ ಥರ್ಮಾಮೀಟರಿನ ಜೊತೆ ಒಂದೇ ಲೋಟ ನೀರಿನಲ್ಲಿ ಮುಳುಗಿಸಿ ನೋಡು, ವ್ಯತ್ಯಾಸವಿದ್ದರೆ ಎಫ್4ರಲ್ಲಿ ಸರಿಪಡಿಸು. ಅದರ ಹಿಂಬದಿಯ ಟರ್ಮಿನಲ್‌ಗಳು ಬರಿದಾಗಿರುತ್ತವೆ, 230 ವೋಲ್ಟ್ ಹರಿಯುತ್ತಿರುತ್ತದೆ. ಹಾಗೇ ಟ್ಯಾಂಕಿನ ಪಕ್ಕ ನೇತುಹಾಕದೆ ಪಿವಿಸಿ ಬಾಕ್ಸಿನಲ್ಲಿ ಕೂರಿಸಿ, ಫ್ಯೂಸ್ ಕೊಟ್ಟು, ಕೆಲಸ ಗೊತ್ತಿರುವವರ ಕೈಯಲ್ಲಿ ವೈರಿಂಗ್ ಮಾಡಿಸು. ಆ ಪಾಯಿಂಟಿಗೆ ಕರೆಂಟು ಸೋರಿದರೆ ತಕ್ಷಣ ಕಡಿದುಬಿಡುವ 30 ಮಿಲಿಆಂಪಿನ ಆರ್‌ಸಿಸಿಬಿ ಇರಲಿ. ವೈರು ಪ್ಲಗ್ಗಿಗೆ ಹೋಗುವ ಮೊದಲು ಕೆಳಕ್ಕೆ ಜೋತು ಬಿದ್ದು ಮೇಲೇರುವಂತೆ ಬಿಡು, ನೀರು ಹರಿದು ಬಂದರೂ ಆ ಜೋಲಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ರಿಲೇ ಹಳೆಯದಾದರೆ ಕೆಲವೊಮ್ಮೆ ಆನ್ ಆದಲ್ಲೇ ಅಂಟಿಕೊಂಡುಬಿಡುತ್ತದೆ. ಡಿಸ್‌ಪ್ಲೇ ಸರಿಯಾಗಿ ಕಾಣುತ್ತಿದ್ದರೂ ಮ್ಯಾಟ್ ಕಾಯುತ್ತಲೇ ಇರುತ್ತದೆ. ಅದಕ್ಕೇ ಬೇಕಾದುದಕ್ಕಿಂತ ದೊಡ್ಡ ವ್ಯಾಟಿನ ಮ್ಯಾಟ್ ಕೊಳ್ಳಬೇಡ, ಮತ್ತು ಗವಿಯ ಕಲ್ಲನ್ನು ದಿನಕ್ಕೊಮ್ಮೆ ಬೇರೆ ಥರ್ಮಾಮೀಟರಿನಿಂದ ಅಳೆಯುವ ಅಭ್ಯಾಸ ಬಿಡಬೇಡ.

ಪ್ರಶ್ನೆ: ಜೋಗಿಮಟ್ಟಿ ಕಡೆ ಇಂಥದೇ ಚುಕ್ಕೆಯ ಹಲ್ಲಿ ಕಂಡರೆ ತಂದು ಸಾಕಬಹುದೆ?

ಉತ್ತರ: ಬೇಡ. ಜೋಗಿಮಟ್ಟಿ ವನ್ಯಜೀವಿ ಧಾಮ. ಅಲ್ಲಿನ ಯಾವ ಪ್ರಾಣಿಯನ್ನೂ ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗಾಯಗೊಂಡಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ಪ್ರಶ್ನೆ: ಹೊಳಲ್ಕೆರೆ ಹತ್ತಿರ ನಮ್ಮ ಹಳ್ಳಿ. ಕರೆಂಟು ಹೋದರೆ ನಾಲ್ಕೈದು ಗಂಟೆ ಬರುವುದಿಲ್ಲ. ಗೆಕೊ ಸತ್ತುಹೋಗುತ್ತದೆಯೇ ಎಂದು ಮಗಳು ಅಳುತ್ತಾಳೆ.

ಉತ್ತರ: ಮಗಳಿಗೆ ಸಮಾಧಾನ ಹೇಳಿ. ನಾಲ್ಕೈದು ಗಂಟೆ ತಣ್ಣಗಿದ್ದ ಮಾತ್ರಕ್ಕೆ ಗಟ್ಟಿಮುಟ್ಟಾದ ಗೆಕೊ ಸಾಯುವುದಿಲ್ಲ. ಅದರ ದಪ್ಪ ಬಾಲವೇ ಕೊಬ್ಬಿನ ಕಣಜ, ಚಳಿಯ ಹೊತ್ತು ಸುಮ್ಮನೆ ಮುದುಡಿ ಕಾಲ ಕಳೆಯುತ್ತದೆ. ಇನ್‌ವರ್ಟರ್ ಇದ್ದರೆ ಮ್ಯಾಟನ್ನು ಅದರ ಲೈನಿಗೆ ಕೊಡಿಸಿ, 14 ವ್ಯಾಟ್ ಅಂದರೆ ಎರಡು ಸಣ್ಣ ಎಲ್‌ಇಡಿ ಬಲ್ಬಿನಷ್ಟು. ಇಲ್ಲದಿದ್ದರೆ ಟ್ಯಾಂಕಿನ ಸುತ್ತ ಕಂಬಳಿ ಹೊದಿಸಿ, ಮೇಲಿನ ಜಾಲರಿ ಮಾತ್ರ ಮುಚ್ಚಬೇಡಿ. ಕರೆಂಟು ಬರುವ ಮುನ್ನ ಮ್ಯಾಟಿನ ಕಡೆಯ ಕಂಬಳಿ ತೆಗೆದಿರಬೇಕು, ಇದನ್ನು ಮರೆಯಬಾರದು.

ಊಟದ ವಿಷಯದಲ್ಲಿ ಎಚ್ಚರ ಬೇಕು. ಹೊಟ್ಟೆ ತುಂಬ ತಿಂದು ಮೈ ತಣ್ಣಗಾದರೆ ಹುಳ ಜೀರ್ಣವಾಗದೆ ಒಳಗೇ ಕೊಳೆಯುತ್ತದೆ, ವಾಂತಿಯೂ ಆಗಬಹುದು. ಕರೆಂಟು ತೆಗೆಯುವ ಸೂಚನೆ ಇರುವ ದಿನ ಹುಳ ಹಾಕಬೇಡಿ. ಬೆಳೆದ ಗೆಕೊ ಒಂದೆರಡು ದಿನ ಉಪವಾಸವಿದ್ದರೆ ಏನೂ ಆಗದು. ಕರೆಂಟು ಬಂದು, ಗವಿಯ ಕಲ್ಲು ಮತ್ತೆ 31 ಮುಟ್ಟಿದ ಮೇಲೆ ಹಾಕಿ.