ಕಿಡ್ನಿ ಕ್ಯಾನ್ಸರ್ ಅಂತ ಗೊತ್ತಾಗಿ ವಾರವಾಯಿತು, ಭಯ ಹೋಗುತ್ತಿಲ್ಲ. ಏನು ಮಾಡಲಿ?

ನೀವು ಬರೆದಿರುವುದು ಇಷ್ಟು: ವಯಸ್ಸು 48, ಊರು ಕುಮಟಾ ಹತ್ತಿರ. ಗ್ಯಾಸ್ಟ್ರಿಕ್ ಇರಬೇಕು ಅಂತ ಹೊಟ್ಟೆ ಸ್ಕ್ಯಾನ್ ಮಾಡಿಸಿದರೆ ಎಡ ಕಿಡ್ನಿಯಲ್ಲಿ ಗಡ್ಡೆ ಕಂಡಿತು. ಸಿ.ಟಿ.ಯಲ್ಲಿ ಅದು 4.6 ಸೆಂ.ಮೀ., ಬೇರೆಲ್ಲೂ ಹರಡಿದ್ದು ಕಂಡಿಲ್ಲ. ಮಣಿಪಾಲದಲ್ಲಿ ಮೂರು ವಾರ ಬಿಟ್ಟು ಆಪರೇಷನ್. ರಾತ್ರಿ ಎರಡಕ್ಕೆ ಎಚ್ಚರವಾದರೆ ಬೆಳಗಿನವರೆಗೂ ನಿದ್ದೆ ಇಲ್ಲ. ಆಯಿಗೆ ಇನ್ನೂ ಹೇಳಿಲ್ಲ.

ಕ್ಯಾನ್ಸರ್ ರೋಗಿಗಳ ಆಪ್ತಸಮಾಲೋಚನೆ ನನ್ನ ಕೆಲಸ. ಚಿಕಿತ್ಸೆಯ ತೀರ್ಮಾನ ನಿಮ್ಮ ಯುರಾಲಜಿ ವೈದ್ಯರದ್ದು, ಭಯದ ಬಗ್ಗೆ ಮಾತ್ರ ನಾನು ಹೇಳಬಲ್ಲೆ. ಭಯ ಬಂದಾಗಲೆಲ್ಲ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಭಯ ನನ್ನ ರಿಪೋರ್ಟಿನದೋ, ಬೇರೆ ಯಾರದೋ ರಿಪೋರ್ಟಿನದೋ? ನಮ್ಮ ಕಡೆ ಕ್ಯಾನ್ಸರ್ ಅಂದ ಕೂಡಲೇ ಕಣ್ಣಿಗೆ ಕಟ್ಟುವುದು ತಂಬಾಕು ಹಾಕಿ ಕವಳ ತಿಂದು ಬಾಯಿ ಕ್ಯಾನ್ಸರ್ ಆದವರು, ಕಿಮೋ ಹಾಕಿಸಿಕೊಂಡು ಕೂದಲು ಉದುರಿದವರು, ತಡವಾಗಿ ಗೊತ್ತಾಗಿ ತಿಂಗಳೊಳಗೆ ಹೋದವರು. ಆ ಚಿತ್ರಗಳನ್ನೆಲ್ಲ ನೀವು ನಿಮ್ಮ ಮೇಲೆ ಹಾಕಿಕೊಂಡು ಮಲಗುತ್ತಿದ್ದೀರಿ. ಕಿಡ್ನಿ ಕ್ಯಾನ್ಸರಿನ ದಾರಿಯೇ ಬೇರೆ. ಸಾಮಾನ್ಯವಾಗಿ ಬರುವ ಬಗೆಗೆ ಮಾಮೂಲಿ ಕಿಮೋ ಕೆಲಸ ಮಾಡುವುದು ತೀರಾ ಕಡಿಮೆ, ಅದಕ್ಕೇ ಅದನ್ನು ಕೊಡುವುದೂ ಇಲ್ಲ. ಗಡ್ಡೆ ಕಿಡ್ನಿಯೊಳಗೇ ಇದ್ದರೆ ಆಪರೇಷನ್ನೇ ಮುಖ್ಯ ಚಿಕಿತ್ಸೆ. ಆಮೇಲೆ ಹೆಚ್ಚಿನವರಿಗೆ ಇರುವುದು ಕಾಲಕಾಲಕ್ಕೆ ತಪಾಸಣೆ. ಮರಳಿ ಬರುವ ಅಪಾಯ ಹೆಚ್ಚಿರುವ ಕೆಲವರಿಗೆ ಮಾತ್ರ ಇಮ್ಯುನೊಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಇಂಜೆಕ್ಷನ್, ಸೂಚಿಸುತ್ತಾರೆ.

ಈಗ ಸಿ.ಟಿ. ರಿಪೋರ್ಟ್ ಹೊರಗೆ ತೆಗೆಯಿರಿ. ರಾತ್ರಿ ಬೇಡ, ಬೆಳಿಗ್ಗೆ ತಿಂಡಿ ತಿಂದ ಮೇಲೆ, ಹೆಂಡತಿ ಜೊತೆ ಕೂತು. ಗಡ್ಡೆಯ ಅಳತೆ ಮೂರು ದಿಕ್ಕಿನದ್ದು ಇರುತ್ತದೆ, ಅದರಲ್ಲಿ ದೊಡ್ಡ ಸಂಖ್ಯೆಯೇ ಲೆಕ್ಕಕ್ಕೆ. 7 ಸೆಂ.ಮೀ. ಒಳಗಿದ್ದು ಕಿಡ್ನಿ ದಾಟದಿದ್ದರೆ ಅದು ಮೊದಲನೇ ಹಂತ. 'ಎನ್‌ಹಾನ್ಸಿಂಗ್' ಅಂತ ಬರೆದಿದ್ದರೆ, ಚಿತ್ರ ಸ್ಪಷ್ಟ ಕಾಣಲೆಂದು ಸ್ಕ್ಯಾನ್ ವೇಳೆ ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ಔಷಧಿ ಗಡ್ಡೆಯೊಳಗೆ ಹೋಗಿ ಅದು ಬೆಳ್ಳಗೆ ಕಂಡಿದೆ ಎಂದರ್ಥ. ಅದು ಹರಡಿದೆ ಅನ್ನುವ ಮಾತಲ್ಲ. ಮುಂದೆ 'ರೀನಲ್ ವೇನ್', 'ಐ.ವಿ.ಸಿ.' ಎಂಬ ಪದಗಳನ್ನು ಹುಡುಕಿ. ಕಿಡ್ನಿಯಿಂದ ಹೊರಡುವ ರಕ್ತನಾಳ ಮತ್ತು ಹೃದಯಕ್ಕೆ ಹೋಗುವ ದೊಡ್ಡ ನಾಳ ಇವು. ಈ ಕ್ಯಾನ್ಸರ್ ಕೆಲವೊಮ್ಮೆ ನಾಳದೊಳಗೇ ಬೆಳೆಯುವುದರಿಂದ ಅವು ಖಾಲಿ ಇವೆಯೇ ಎಂದು ಬರೆಯುತ್ತಾರೆ. ಕೊನೆಗೆ ದುಗ್ಧಗ್ರಂಥಿ (ಲಿಂಫ್ ನೋಡ್), ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ, ಶ್ವಾಸಕೋಶ, ಬಲ ಕಿಡ್ನಿ. ಒಂದೊಂದರ ಎದುರಿಗೂ ಏನಿದೆ ಅಂತ ಕನ್ನಡದಲ್ಲಿ ಒಂದು ಹಾಳೆಗೆ ಬರೆದುಕೊಳ್ಳಿ. ರಾತ್ರಿ ಎರಡಕ್ಕೆ 'ಎಲ್ಲಾ ಕಡೆ ಹರಡಿದ್ದರೆ?' ಅಂತ ಮನಸ್ಸು ಕೇಳಿದಾಗ ನೋಡಬೇಕಾದ್ದು ಈ ಹಾಳೆ, ಗೂಗಲ್ ಅಲ್ಲ. ಅಮೆರಿಕದ ಕ್ಯಾನ್ಸರ್ ನೋಂದಣಿಯ ಲೆಕ್ಕದಲ್ಲಿ, ಗಡ್ಡೆ ಕಿಡ್ನಿಯೊಳಗೇ ಇರುವಾಗ ಪತ್ತೆಯಾದವರ 5 ವರ್ಷದ ಬದುಕುಳಿಯುವಿಕೆ ಶೇ 90ಕ್ಕಿಂತ ಹೆಚ್ಚು. ಗೂಗಲ್‌ನಲ್ಲಿ ಎಲ್ಲ ಹಂತಗಳವರ ಅನುಭವವೂ ಒಂದೇ ರಾಶಿಯಲ್ಲಿ ಬಿದ್ದಿರುತ್ತದೆ, ನಿಮ್ಮ ಹಂತವನ್ನು ಅದು ಬೇರ್ಪಡಿಸಿ ಕೊಡುವುದಿಲ್ಲ.

ಮೂರು ವಾರ ಕಾಯುವಷ್ಟರಲ್ಲಿ ಬೆಳೆದುಬಿಟ್ಟರೆ ಅನ್ನುವುದು ನಿಮ್ಮ ದೊಡ್ಡ ಹೆದರಿಕೆ. ಕಿಡ್ನಿಯ ಸಣ್ಣ ಗಡ್ಡೆಗಳು ಸರಾಸರಿ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ. ಈ ಹಂತದಲ್ಲಿ ಕೆಲವು ವಾರ ಕಾಯುವುದು ಮಾಮೂಲು. ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಇಲ್ಲದೆ ಕ್ಯಾನ್ಸರ್ ಅಂತ ಹೇಗೆ ಹೇಳಿದರು ಎಂದೂ ಕೇಳಿದ್ದೀರಿ. ಕಿಡ್ನಿಯಲ್ಲಿ ಸಿ.ಟಿ. ಚಿತ್ರವೇ ಬಹುಪಾಲು ಸಾಕಾಗುತ್ತದೆ, ಆದ್ದರಿಂದ ಬಹಳ ಜನರಿಗೆ ನೇರ ಆಪರೇಷನ್ ಮಾಡುತ್ತಾರೆ. 4 ಸೆಂ.ಮೀ.ಗಿಂತ ಸಣ್ಣ ಗಡ್ಡೆಗಳಲ್ಲಿ ಸುಮಾರು ಐದರಲ್ಲಿ ಒಂದು ಕ್ಯಾನ್ಸರ್ ಅಲ್ಲ ಅಂತ ಕೊನೆಗೆ ಗೊತ್ತಾಗುತ್ತದೆ. ನಿಮ್ಮದು ಅದಕ್ಕಿಂತ ದೊಡ್ಡದು, ಹಾಗಾಗಿ ಆ ಆಸೆ ಹಿಡಿದು ಆಪರೇಷನ್ ಮುಂದೂಡಬೇಡಿ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಬೇಕಿದ್ದರೆ ಈ ವಾರವೇ ಹೋಗಿ. ಫಿಲ್ಮ್ ಜೊತೆ ಸಿ.ಡಿ.ಯನ್ನೂ ಒಯ್ಯಿರಿ. ಸಿ.ಡಿ. ಇಲ್ಲದಿದ್ದರೆ ಮತ್ತೊಂದು ಸಿ.ಟಿ. ಬರೆದುಕೊಡುವ ಸಂಭವ ಇದೆ. ಮತ್ತೆ ಖರ್ಚು, ಮತ್ತೆ ಕಿಡ್ನಿಗೆ ಕಾಂಟ್ರಾಸ್ಟ್.

ಆಪರೇಷನ್‌ಗೆ ಮೊದಲಿನ ಭೇಟಿಯಲ್ಲಿ ಕೇಳಲೇಬೇಕಾದ್ದು: ಗಡ್ಡೆಯಷ್ಟೇ ತೆಗೆದು ಕಿಡ್ನಿ ಉಳಿಸಲು ಆಗುತ್ತದೆಯೇ, ಆಗದಿದ್ದರೆ ಯಾಕೆ? ಗಡ್ಡೆ ಕಿಡ್ನಿಯ ಅಂಚಿನಲ್ಲಿದೆಯೋ, ರಕ್ತನಾಳಗಳ ಹತ್ತಿರ ನಡುವಿನಲ್ಲಿದೆಯೋ ಎಂಬುದರ ಮೇಲೆ ಅದು ನಿಂತಿದೆ. ಪೂರ್ತಿ ತೆಗೆಯಬೇಕಾಗಿ ಬಂದರೂ, ಇನ್ನೊಂದು ಕಿಡ್ನಿ ಸರಿಯಾಗಿದ್ದರೆ ಸಾಮಾನ್ಯವಾಗಿ ಡಯಾಲಿಸಿಸ್ ಬೇಕಾಗುವುದಿಲ್ಲ. ಕಿಡ್ನಿ ದಾನ ಮಾಡಿದವರು ಒಂದರಲ್ಲೇ ಬದುಕುತ್ತಿದ್ದಾರಲ್ಲ.

ರಾತ್ರಿಯ ವಿಚಾರ. ಎಚ್ಚರವಾಗಿ ಸುಮಾರು 20 ನಿಮಿಷವಾದರೂ ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟೇಳಿ, ಜಗಲಿಗೆ ಬಂದು ಕೂರಿ, ಮೊಬೈಲ್ ಒಳಗೇ ಇರಲಿ. ಮೂಗಿನಿಂದ ನಾಲ್ಕು ಎಣಿಸುತ್ತ ಉಸಿರು ತಗೊಳ್ಳಿ, ಆರು ಎಣಿಸುತ್ತ ಬಿಡಿ, ಹತ್ತು ನಿಮಿಷ. ಬಿಡುವುದು ಉದ್ದ ಇರಬೇಕು, ಎದೆಬಡಿತ ಇಳಿಯುವುದು ಉಸಿರು ಬಿಡುವಾಗ. ಹೆಚ್ಚಿನವರು ಜೋರಾಗಿ ಎಳೆದುಕೊಂಡು ತಲೆ ತಿರುಗಿಸಿಕೊಳ್ಳುತ್ತಾರೆ, ಆಮೇಲೆ ಇದರಿಂದ ಪ್ರಯೋಜನ ಇಲ್ಲ ಅನ್ನುತ್ತಾರೆ. ಮತ್ತೂ ಕಾಡುವ ವಿಚಾರವನ್ನು ಒಂದು ಸಾಲಿನಲ್ಲಿ ಬರೆದಿಟ್ಟು ಸಂಜೆಗೆ ಮುಂದೂಡಿ. ಸಂಜೆ ಐದರಿಂದ ಐದೂವರೆ ಚಿಂತೆಗೆ ಅಂತಲೇ ಮೀಸಲು. ಆಗ ಆ ಪಟ್ಟಿ ಹಿಡಿದು ಕೂತು, ವೈದ್ಯರನ್ನು ಕೇಳುವಂಥದ್ದಕ್ಕೆ ಒಂದು ಗುರುತು, ನೀವೇ ಮಾಡುವಂಥದ್ದಕ್ಕೆ ಒಂದು ಗುರುತು ಹಾಕಿ. ಎರಡಕ್ಕೂ ಸೇರದ ಭಯ ಒಂದಿಷ್ಟು ಉಳಿದೇ ಉಳಿಯುತ್ತದೆ. ಅದನ್ನು ಹೆಂಡತಿಯ ಹತ್ತಿರ ಬಾಯಿಬಿಟ್ಟು ಹೇಳಿ. ಅತ್ತರೆ ಅಳಿ. ಪಕ್ಕದ ಮನೆಯವರ ನಿದ್ದೆ ಮಾತ್ರೆ ಬೇಡ, ಕುಡಿತವೂ ಬೇಡ, ಅರಿವಳಿಕೆಗೆ ಎರಡೂ ತೊಂದರೆ.

ಹಗಲಿಗೆ ಕೈಗೊಂದು ಕೆಲಸ ಬೇಕು. ಉಸಿರಿನ ವ್ಯಾಯಾಮಕ್ಕೆ ಕೊಡುವ ಮೂರು ಚೆಂಡಿನ ಸಾಧನ, ಸ್ಪೈರೋಮೀಟರ್, ಬೇಕೇ ಎಂದು ಈಗಲೇ ವೈದ್ಯರನ್ನು ಕೇಳಿ. ಬಹಳ ಜನ ಅದನ್ನು ಪೀಪಿಯಂತೆ ಊದುತ್ತಾರೆ, ಅದು ತಪ್ಪು. ನಳಿಕೆ ಬಾಯಲ್ಲಿಟ್ಟು ಒಳಕ್ಕೆ ನಿಧಾನ ಎಳೆಯಬೇಕು, ಚೆಂಡು ಮೇಲೇರಿ ಎರಡು ಮೂರು ಸೆಕೆಂಡ್ ನಿಲ್ಲಬೇಕು. ಆಪರೇಷನ್ ಆದ ಮೇಲೆ ಪಕ್ಕೆ ನೋವಿಗೆ ಉಸಿರು ಮೇಲುಮೇಲಾಗಿ ಕಫ ಕಟ್ಟುತ್ತದೆ. ಈಗ ರೂಢಿ ಇದ್ದರೆ ಆಗ ಸುಲಭ. ಬೀಡಿ, ಸಿಗರೇಟ್, ತಂಬಾಕು ಇಂದೇ ನಿಲ್ಲಲಿ. ಸೊಂಟ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೇನ್ ಬೇಡ, ಕಿಡ್ನಿಗೆ ಹೊಡೆತ. ನೋವಿದ್ದರೆ ಪ್ಯಾರಾಸಿಟಮಾಲ್ ತಗೊಳ್ಳಬಹುದೇ ಎಂದು ಕೇಳಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಯಾವತ್ತು ನಿಲ್ಲಿಸಬೇಕೆಂದು ವೈದ್ಯರೇ ಹೇಳಲಿ. ಇನ್ನು ಯಾರಾದರೂ ಪ್ರೀತಿಯಿಂದ ತಂದುಕೊಡುವ ತೊಗಟೆ ಕಷಾಯ, ಪುಡಿ ಏನಿದ್ದರೂ ಕುಡಿಯುವ ಮೊದಲು ವೈದ್ಯರಿಗೆ ತೋರಿಸಿ. ಹಿತ್ತಲಿನ ಬಿಂಬುಳಿ ರಸವನ್ನು ಲೋಟಗಟ್ಟಲೆ ಕುಡಿದು ಆರೋಗ್ಯವಂತರ ಕಿಡ್ನಿಯೂ ಕೆಟ್ಟ ಪ್ರಕರಣಗಳು ಕೇರಳದಲ್ಲಿ ದಾಖಲಾಗಿವೆ. ಅದರಲ್ಲಿ ಕಿಡ್ನಿಯೊಳಗೆ ಹರಳುಗಟ್ಟುವ ಆಕ್ಸಲೇಟ್ ಎಂಬ ಅಂಶ ತುಂಬಾ ಇದೆ.

ಆಯಿಗೆ ಹೇಳಿಬಿಡಿ. ಮನೆಯಲ್ಲಿ ಪಿಸುಮಾತು ನಡೆದರೆ ಅವರು ಇದಕ್ಕಿಂತ ಕೆಟ್ಟದ್ದನ್ನೇ ಊಹಿಸುತ್ತಾರೆ. 'ಆಯಿ, ಕಿಡ್ನಿಯಲ್ಲಿ ಗಡ್ಡೆ ಇದೆ. ಕ್ಯಾನ್ಸರ್ ಇರಬಹುದು ಅಂದಿದ್ದಾರೆ. ಹರಡಿದ್ದು ಕಂಡಿಲ್ಲ. ಆಪರೇಷನ್ ಮಾಡಿ ತೆಗೆಯುತ್ತಾರೆ.' ಇಷ್ಟೇ ಸಾಕು, ನೀವೇ ಹೇಳಿ, ಹಗಲು ಹೊತ್ತು ಹೇಳಿ. ನೆಂಟರಿಷ್ಟರ ಫೋನಿಗೆ ಮನೆಯ ಒಬ್ಬರೇ ಉತ್ತರ ಕೊಡಲಿ. ದಿನಕ್ಕೆ ಹತ್ತು ಸಲ ಅದೇ ಕಥೆ ಹೇಳಿದರೆ ಭಯ ಹತ್ತು ಸಲ ಹೊಸದಾಗುತ್ತದೆ.

ದುಡ್ಡಿನ ಚಿಂತೆಗೆ: ರೇಷನ್ ಕಾರ್ಡು, ಆಧಾರ್ ಹಿಡಿದು ಆಸ್ಪತ್ರೆಯಲ್ಲಿ ಸರ್ಕಾರಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಅಡ್ಮಿಟ್ ಆಗುವ ಮೊದಲೇ ಕಾಣಿ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕೇ ಎಂದೂ ಆಗಲೇ ಕೇಳಿಕೊಳ್ಳಿ.

ಎರಡು ವಾರವಾದರೂ ಊಟ ಸೇರದಿದ್ದರೆ, ನಿದ್ದೆ ಬರದಿದ್ದರೆ ತಡಮಾಡದೆ ಮನೋವೈದ್ಯರನ್ನು ಕಾಣಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಅವರು ಯಾವ ದಿನ ಬರುತ್ತಾರೆಂದು ವಿಚಾರಿಸಿ. ಬದುಕೇ ಬೇಡ ಅನ್ನಿಸಿದರೆ ಅಷ್ಟು ಹೊತ್ತೂ ಕಾಯಬೇಡಿ, ಮನೆಯವರನ್ನು ಎಬ್ಬಿಸಿ, 14416ಕ್ಕೆ ಕರೆ ಮಾಡಿ. ಅದು ಟೆಲಿ ಮನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೂತ್ರದಲ್ಲಿ ರಕ್ತದ ಗಡ್ಡೆ ಬಂದರೆ, ಮೂತ್ರ ಕಟ್ಟಿದರೆ, ಚಳಿಜ್ವರ ಬಂದರೆ ಅಥವಾ ಒಮ್ಮೆಲೇ ಉಸಿರುಕಟ್ಟಿದರೆ ಆಪರೇಷನ್ ದಿನ ಕಾಯದೆ ಆಸ್ಪತ್ರೆಗೆ ಹೋಗಿ.

ಆಪರೇಷನ್ ಮುಗಿದು ಮನೆಗೆ ಬಂದ ಮೇಲೆ ಭಯ ಇನ್ನೊಮ್ಮೆ ಏರುವುದುಂಟು. ತೆಗೆದ ಗಡ್ಡೆಯನ್ನು ಪರೀಕ್ಷಿಸಿ ಕೊಡುವ ಪೆಥಾಲಜಿ ರಿಪೋರ್ಟ್ ಬರಲು ಒಂದೆರಡು ವಾರ ಹಿಡಿಯಬಹುದು. ಅದು ವಾಟ್ಸಾಪಿಗೆ ಬರುವುದು ಬೇಡ, ವೈದ್ಯರ ಎದುರಿಗೇ ತೆರೆಯುವ ಹಾಗೆ ದಿನ ಗೊತ್ತುಮಾಡಿಕೊಳ್ಳಿ. ಮುಂದಿನ ಸ್ಕ್ಯಾನ್‌ಗಳಿಗೂ ಹೀಗೇ, ಸ್ಕ್ಯಾನ್ ಮತ್ತು ವೈದ್ಯರ ಭೇಟಿ ಒಂದೇ ದಿನಕ್ಕೆ ಬರಲಿ. ಅರ್ಥವಾಗದ ರಿಪೋರ್ಟನ್ನು ಚೀಲದಲ್ಲಿಟ್ಟುಕೊಂಡು ಮಣಿಪಾಲದಿಂದ ಕುಮಟಾವರೆಗೆ ಬಸ್ಸಿನಲ್ಲಿ ಬರುವುದು ತುಂಬಾ ಕಷ್ಟದ ಪ್ರಯಾಣ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ರಕ್ತಪರೀಕ್ಷೆಯಲ್ಲಿ ತೋರಿಸುವ ಕ್ರಿಯಾಟಿನಿನ್ ಮೊದಲಿಗಿಂತ ಸ್ವಲ್ಪ ಹೆಚ್ಚಿಗೆ ಬಂದರೆ ಗಾಬರಿಯಾಗಬೇಡಿ, ಕಿಡ್ನಿಯ ಒಂದು ಭಾಗವೋ ಇಡೀ ಕಿಡ್ನಿಯೋ ಹೋದಾಗ ಅದು ಏರುವುದು ನಿರೀಕ್ಷಿತವೇ. ಎಷ್ಟರವರೆಗೆ ಏರಬಹುದು ಎಂದು ಆಪರೇಷನ್‌ಗೆ ಮೊದಲೇ ವೈದ್ಯರಿಂದ ಕೇಳಿ, ಆ ಸಂಖ್ಯೆಯನ್ನೂ ಅದೇ ಹಾಳೆಯಲ್ಲಿ ಬರೆದಿಡಿ.